5 ಕಿಲೋವ್ಯಾಟ್ ಮನೆಯಲ್ಲಿ ಲೋಡ್ ಬ್ಯಾಲೆನ್ಸಿಂಗ್ ಚಾರ್ಜರ್: 14 ತಿಂಗಳ ಬಳಕೆಯ ನಂತರ

ಮೈಸೂರಿನ ನಮ್ಮ ಮನೆಗೆ ಮಂಜೂರಾಗಿರುವ ಲೋಡ್ 5 ಕಿಲೋವ್ಯಾಟ್, ಸಿಂಗಲ್ ಫೇಸ್. ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ, 40.5 ಯೂನಿಟ್ ಬ್ಯಾಟರಿ. 7.4 ಕಿಲೋವ್ಯಾಟ್ ಚಾರ್ಜರ್ ಪೂರ್ತಿ ಓಡಿದರೆ ಅದೊಂದೇ 32 ಆಂಪಿಯರ್ ಎಳೆಯುತ್ತದೆ. ನಮ್ಮ ಮೇನ್ ಎಂಸಿಬಿಯೇ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 25 ಆಂಪಿಯರ್. ಲೋಡ್ ಹೆಚ್ಚಿಸಿಕೊಂಡರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಅದಕ್ಕೇ ಡೈನಮಿಕ್ ಲೋಡ್ ಬ್ಯಾಲೆನ್ಸಿಂಗ್ ಇರುವ ಚಾರ್ಜರ್ ಹಾಕಿಸಿದೆ.

ಇದರ ಕೆಲಸ ಸರಳ. ಮೇನ್ ವೈರಿಗೆ ಬಳೆಯಂಥ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕ್ಲ್ಯಾಂಪ್ ಹಾಕುತ್ತಾರೆ. ಮನೆ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅದು ಅಳೆಯುತ್ತದೆ. ಉಳಿದಷ್ಟನ್ನು ಮಾತ್ರ ಚಾರ್ಜರ್ ಕಾರಿಗೆ ಬಿಡುತ್ತದೆ. ನಾನು ಮಿತಿಯನ್ನು 22 ಆಂಪಿಯರ್‌ಗೆ ಇಟ್ಟಿದ್ದೇನೆ. ರಾತ್ರಿ ಫ್ಯಾನು, ಫ್ರಿಜ್ ಮಾತ್ರ ಓಡುವಾಗ ಕಾರಿಗೆ 20 ಆಂಪಿಯರ್ ಸಿಗುತ್ತದೆ. ಬೆಳಿಗ್ಗೆ ಅಮ್ಮ ಗೀಸರ್ ಹಾಕಿದರೆ ಅದಕ್ಕೇ 9 ಹೋಯಿತು. ಜೊತೆಗೆ ಸಂಪಿನ ಮೋಟರ್, ಮಿಕ್ಸಿ ಶುರುವಾದರೆ ಕಾರಿನ ಪಾಲು 6 ಆಂಪಿಯರ್‌ಗಿಂತ ಕೆಳಗಿಳಿಯುತ್ತದೆ. ಆಗ ಚಾರ್ಜಿಂಗ್ ನಿಲ್ಲುತ್ತದೆ, ಯಾಕೆಂದರೆ ಅದಕ್ಕಿಂತ ಕಡಿಮೆಗೆ ಕಾರು ಚಾರ್ಜ್ ಆಗುವುದಿಲ್ಲ. ಮನೆಯ ಲೋಡ್ ಇಳಿದ ಮೇಲೆ ತಾನೇ ಮತ್ತೆ ಶುರುವಾಗುತ್ತದೆ. ನಾವು ಯಾರೂ ಎದ್ದು ಹೋಗಿ ನೋಡಬೇಕಿಲ್ಲ.

ಆದರೆ ಮೊದಲ ವಾರ ತುಂಬಾ ಬೇಜಾರಾಗಿತ್ತು. ದಿನಾ ಬೆಳಿಗ್ಗೆ ಎಂಸಿಬಿ ಬೀಳುತ್ತಿತ್ತು. ಅಮ್ಮನ ಸ್ನಾನ ಅರ್ಧಕ್ಕೇ ನಿಂತಾಗ ಈ ಚಾರ್ಜರ್ ತಂದಿದ್ದೇ ತಪ್ಪಾಯಿತೇನೋ ಅನಿಸಿತು. ಆಪ್ ತೆರೆದರೆ ಮನೆಯ ಬಳಕೆ ಸೊನ್ನೆ ಎಂದು ತೋರಿಸುತ್ತಿತ್ತು. ಹಾಕಿದವರು ಫೇಸ್, ನ್ಯೂಟ್ರಲ್ ಎರಡನ್ನೂ ಒಂದೇ ಕ್ಲ್ಯಾಂಪಿನೊಳಗೆ ತೂರಿಸಿದ್ದರು. ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ವಾಪಸ್ ಬರುತ್ತದಲ್ಲ, ಎರಡೂ ಸೇರಿ ಲೆಕ್ಕ ಸೊನ್ನೆ. ಮನೆ ಖಾಲಿ ಇದೆ ಎಂದುಕೊಂಡು ಚಾರ್ಜರ್ ಪೂರ್ತಿ 22 ಎಳೆಯುತ್ತಿತ್ತು. ನಮಗೆ ಗೊತ್ತಿರುವ ಎಲೆಕ್ಟ್ರಿಷಿಯನ್ ಬಂದು, ಮೇನ್ ಆಫ್ ಮಾಡಿ, ಫೇಸ್ ವೈರನ್ನು ಮಾತ್ರ ಒಳಗಿಟ್ಟರು. ಅಲ್ಲಿಂದ ಈವರೆಗೆ ಒಮ್ಮೆಯೂ ಎಂಸಿಬಿ ಬಿದ್ದಿಲ್ಲ. ನೀವು ಹಾಕಿಸಿದ ದಿನವೇ ಗೀಸರ್ ಆನ್ ಮಾಡಿ ನೋಡಿ. ಆಪಿನಲ್ಲಿ ಮನೆಯ ಅಂಕಿ ಏರಬೇಕು, ಕಾರಿನದು ಇಳಿಯಬೇಕು. ಹಾಗಾಗದಿದ್ದರೆ ಹಾಕಲು ಬಂದವರನ್ನು ಕಳಿಸಬೇಡಿ.

ಕೊಳ್ಳುವಾಗ ಇನ್ನೊಂದು ಮಾತು ಕೇಳಿ: ಕ್ಲ್ಯಾಂಪಿನಿಂದ ಚಾರ್ಜರ್‌ಗೆ ಸುದ್ದಿ ತಲುಪುವುದು ವೈರಿನಲ್ಲೋ ವೈಫೈಯಲ್ಲೋ? ಸುದ್ದಿ ನಿಂತರೆ ಚಾರ್ಜರ್ ಏನು ಮಾಡುತ್ತದೆ? ನಮ್ಮದು ವೈಫೈ. ಕರೆಂಟ್ ಹೋಗಿ ಬಂದಾಗ ರೂಟರ್ ಏಳುವವರೆಗೆ ಚಾರ್ಜರ್ 6 ಆಂಪಿಯರ್‌ನಲ್ಲೇ ಕಾಯುತ್ತದೆ. ಹೀಗೆ ತಗ್ಗುವುದೇ ಸರಿ, ಸುಮ್ನೆ ಪೂರ್ತಿ ಎಳೆಯಬಾರದು. ಆದರೂ ಈಗ ಕೊಳ್ಳುವುದಾದರೆ ನಾನು ವೈರಿನದ್ದನ್ನೇ ತಗೊಳ್ಳುತ್ತೇನೆ.

ವೇಗದ ಬಗ್ಗೆ ಜಾಸ್ತಿ ಚಿಂತೆ ಬೇಡ. ನನ್ನ ದಿನದ ಓಡಾಟ ಸುಮಾರು 50 ಕಿಲೋಮೀಟರ್, ಅದಕ್ಕೆ 7–8 ಯೂನಿಟ್ ಸಾಕು. 20 ಆಂಪಿಯರ್ ಅಂದರೆ ಗಂಟೆಗೆ ನಾಲ್ಕೂವರೆ ಯೂನಿಟ್. ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. ನಿಮ್ಮ ಕಾರು ತೆಗೆದುಕೊಳ್ಳುವುದೇ 3.3 ಕಿಲೋವ್ಯಾಟ್ ಆಗಿದ್ದರೆ ಇಷ್ಟು ಖರ್ಚು ಮಾಡುವ ಮೊದಲು ಯೋಚಿಸಿ. ಮಲಗುವಾಗ ಪ್ಲಗ್ ಹಾಕಿ, ಗೀಸರ್ ಹಾಕುವ ಮೊದಲು ತೆಗೆದರೆ ನಡೆಯುತ್ತದೆ.