ಎಡ್ಜ್‌ನ ಐಇ ಮೋಡ್: ಹಳೇ ರಿಪೋರ್ಟಿಗೆ ಸದ್ಯಕ್ಕೆ ಇದೇ ಗತಿ

ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ಅಡತಿ ಅಂಗಡಿಯ ಕಂಪ್ಯೂಟರ್‌ಗಳನ್ನು ನಾನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುತ್ತೇನೆ. 2022ರ ಜೂನ್‌ನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್ ವಿದಾಯ ಹೇಳಿದಾಗಿನಿಂದ ನಮಗೆ ಎಡ್ಜ್ ಬ್ರೌಸರ್‌ನ ಐಇ ಮೋಡೇ ಆಧಾರ, ಅಂದರೆ ಪುಟವನ್ನು ಹಳೇ ಎಕ್ಸ್‌ಪ್ಲೋರರ್‌ನ ಎಂಜಿನ್‌ನಲ್ಲೇ ತೆರೆಯುವ ಸೌಲಭ್ಯ. ರೈತರಿಗೆ ಕೊಡುವ ಮಾರಾಟದ ಲೆಕ್ಕದ ಪಟ್ಟಿ ಬರುವುದು ನಮ್ಮ ಹಳೇ ರಿಪೋರ್ಟಿನಿಂದ. ಅದರ ಪ್ರಿಂಟ್ ಬಟನ್ ಆಕ್ಟಿವ್‌ಎಕ್ಸ್‌ನದು, ಅಂದರೆ ಎಕ್ಸ್‌ಪ್ಲೋರರ್‌ಗಷ್ಟೇ ಗೊತ್ತಿರುವ ಹಳೇ ತಂತ್ರದ್ದು. ಕ್ರೋಮ್‌ನಲ್ಲಿ ಎಷ್ಟು ಒತ್ತಿದರೂ ಅದು ಮಿಸುಕಲ್ಲ.

ಪ್ರಿಂಟಿನ ಮಟ್ಟಿಗೆ ದೂರಿಲ್ಲ. ಸೋಮವಾರ, ಗುರುವಾರ ಟೆಂಡರ್ ಮುಗಿದ ಮೇಲೆ ರೈತರು ಪಟ್ಟಿಗಾಗಿ ಕಾಯುತ್ತಿರುತ್ತಾರೆ. ತಳಿ (ಡಬ್ಬಿ, ಕಡ್ಡಿ), ಚೀಲ, ತೂಕ, ದರ, ಹಮಾಲಿ ಎಲ್ಲವೂ ಹಳೇ ಕಾಗದದ ಅಳತೆಗೇ ಸರಿಯಾಗಿ ಬೀಳುತ್ತವೆ.

ತಲೆನೋವು ಶುರುವಾಗಿದ್ದು ಹೊಸ ವೆಬ್ ಪೋರ್ಟಲ್ ಬಂದ ಮೇಲೆ. ಮಾಡಿಕೊಟ್ಟವರು ಹಳೇ ರಿಪೋರ್ಟನ್ನು ಪೋರ್ಟಲ್ ಒಳಗೇ ಐಫ್ರೇಮ್‌ನಲ್ಲಿ, ಅಂದರೆ ಪುಟದೊಳಗಿನ ಪುಟವಾಗಿ, ಕೂರಿಸಿದರು. ತೆರೆದರೆ ಬರೀ ಬಿಳಿ ಚೌಕ. ಇಂಥ ಹೊತ್ತಲ್ಲಿ ಸುಮ್ನೆ ಕ್ಯಾಶ್ (ಬ್ರೌಸರ್ ಉಳಿಸಿಟ್ಟ ಹಳೇ ಪ್ರತಿಗಳು) ಅಳಿಸುತ್ತಾ ಕೂರಬೇಡಿ, ಎಫ್12 ಒತ್ತಿ ಕನ್ಸೋಲ್, ಅಂದರೆ ಬ್ರೌಸರ್ ತಪ್ಪುಗಳನ್ನು ಬರೆದಿಡುವ ಜಾಗ, ಓದಿ. ಕೆಂಪು ಅಕ್ಷರದಲ್ಲಿ ಕಾರಣ ಅಲ್ಲೇ ಇರುತ್ತದೆ. ಪೋರ್ಟಲ್ ಸುರಕ್ಷಿತ ಎಚ್‌ಟಿಟಿಪಿಎಸ್, ರಿಪೋರ್ಟ್ ಬರೀ ಎಚ್‌ಟಿಟಿಪಿ ಆಗಿದ್ದರೆ ಬ್ರೌಸರ್ ತಡೆಯುತ್ತದೆ. ಇಲ್ಲಾಂದ್ರೆ ರಿಪೋರ್ಟ್ ಸರ್ವರ್ರೇ ಎಕ್ಸ್-ಫ್ರೇಮ್-ಆಪ್ಷನ್ಸ್ ಅನ್ನುವ ಸೂಚನೆ ಕಳಿಸಿ, ಬೇರೆಯವರ ಪುಟದೊಳಗೆ ತೋರಿಸಬೇಡ ಅಂದಿರುತ್ತದೆ.

ಇವೆರಡನ್ನೂ ಸರಿಮಾಡಿದರೆ ರಿಪೋರ್ಟ್ ಕಾಣಿಸುತ್ತದೆ, ಪ್ರಿಂಟ್ ಮಾತ್ರ ಆಗಲ್ಲ. ಯಾಕಂದ್ರೆ ಐಇ ಮೋಡ್ ಇಡೀ ಟ್ಯಾಬ್‌ಗೆ ಅನ್ವಯ. ಹೊರಗಿನ ಪುಟ ಹೊಸ ಎಂಜಿನ್‌ನಲ್ಲಿದ್ದರೆ ಒಳಗಿನ ಫ್ರೇಮೂ ಅದರಲ್ಲೇ. ಹಾಗಂತ ಪೋರ್ಟಲನ್ನೇ ಐಇ ಮೋಡ್‌ಗೆ ಹಾಕಿದರೆ ಅದರ ಮೆನು ಕೂಡ ತೆರೆಯಲ್ಲ. ಕೊನೆಗೆ ಫ್ರೇಮ್ ತೆಗೆಸಿ, ರಿಪೋರ್ಟ್ ಬೇರೆ ಟ್ಯಾಬ್‌ನಲ್ಲಿ ತೆರೆಯುವ ಹಾಗೆ ಲಿಂಕ್ ಹಾಕಿಸಿದೆ. ಪೋರ್ಟಲ್‌ನ ಅಂದ ಕೆಡುತ್ತೆ ಅಂದರು. ಕೆಡಲಿ ಬಿಡಿ, ರೈತರಿಗೆ ಬೇಕಾಗಿದ್ದು ಪಟ್ಟಿ ಅಲ್ವಾ?

ಇನ್ನೊಂದು ಕಿರಿಕಿರಿ ಇದೆ. ಐಇ ಮೋಡ್‌ನಲ್ಲಿ ತೆರೆಯಲಿ ಅಂತ ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಸೇರಿಸಿದ ವಿಳಾಸ 30 ದಿನಕ್ಕೆ ಮುಗಿದುಹೋಗುತ್ತದೆ. ಅದು ಸರಿಯಾಗಿ ಪೇಟೆ ದಿನವೇ ಮುಗಿಯಬೇಕೇ! "ಅಣ್ಣಾರ, ಪ್ರಿಂಟ್ ಬರವಲ್ದ್ರಿ" ಅಂತ ಗುಮಾಸ್ತರ ಫೋನು. ಒಂದೆರಡೇ ಕಂಪ್ಯೂಟರ್ ಇದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಎಕ್ಸ್‌ಎಂಎಲ್ ಸೈಟ್ ಲಿಸ್ಟ್ (ಐಇ ಮೋಡ್ ಬೇಕಾದ ವಿಳಾಸಗಳ ಕಡತ) ಬರೆದು ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಟ್ಟಿಗೇ ಅನ್ವಯಿಸುವ ವಿಂಡೋಸ್ ಸೆಟ್ಟಿಂಗ್‌ನಲ್ಲಿ, ಕೊಡಿ, ಅದಕ್ಕೆ ಈ ಗಡುವಿಲ್ಲ. ಪೋರ್ಟಲ್‌ಗೆ ಲಾಗಿನ್ ಆಗಿದ್ದರೂ ರಿಪೋರ್ಟ್ ಮತ್ತೆ ಪಾಸ್‌ವರ್ಡ್ ಕೇಳುವುದಕ್ಕೂ ಮದ್ದು ಅದೇ ಲಿಸ್ಟಿನಲ್ಲಿದೆ. ಎರಡೂ ಎಂಜಿನ್‌ಗಳ ಸೆಷನ್ ಕುಕೀ (ಲಾಗಿನ್ ನೆನಪಿಡುವ ಗುರುತು) ಬೇರೆ ಬೇರೆ. ಯಾವ ಕುಕೀ ಹಂಚಿಕೊಳ್ಳಬೇಕು ಅಂತ ಅಲ್ಲಿ ಬರೆಯಬೇಕು.

ಐಇ ಮೋಡ್ ಟ್ಯಾಬ್‌ನಲ್ಲಿ ಎಫ್12 ಕೆಲಸ ಮಾಡಲ್ಲ. ಅಲ್ಲಿ ತಪ್ಪು ಹುಡುಕಲು ವಿಂಡೋಸ್‌ನಲ್ಲೇ ಇರುವ ಐಇಚೂಸರ್ ಅನ್ನುವ ಪ್ರೋಗ್ರಾಂ ತೆರೆಯಬೇಕು. ಇನ್ನು ಹೊಸ ಕಂಪ್ಯೂಟರ್‌ನಲ್ಲಿ ರೈತರ ಹೆಸರು ಇಂಗ್ಲಿಷ್ ಅಕ್ಷರಗಳ ಗೊಂದಲದಂತೆ ಕಂಡರೆ ಬ್ರೌಸರನ್ನು ಬೈಯಬೇಡಿ. ಹಳೇ ನುಡಿ ಫಾಂಟ್ ಹಾಕಿರಲ್ಲ, ಅಷ್ಟೇ.

ಐಇ ಮೋಡ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕನಿಷ್ಠ 2029ರವರೆಗೆ ಇದಕ್ಕೆ ಬೆಂಬಲ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅಲ್ಲಿವರೆಗೆ ಕಾಯುವ ಧೈರ್ಯ ನನಗಿಲ್ಲ. ಪಟ್ಟಿ ರಿಪೋರ್ಟನ್ನು ಪಿಡಿಎಫ್‌ಗೆ ಬದಲಾಯಿಸಲು ಕೊಟ್ಟಾಗಿದೆ, ಉಳಿದವು ಈ ಸೀಸನ್ ಮುಗಿದ ಮೇಲೆ.