ಕುದುರೆಯ ಬೆನ್ನಿನ ಬಿಗಿತ: ಮಸಾಜ್ ಗನ್, ಶಾಖ, ಮಾಲೀಸು, ಕ್ಯಾರೆಟ್

ರೇಸಿನಿಂದ ನಿವೃತ್ತಿಯಾಗಿ ಸವಾರಿ ಶಾಲೆಗೆ ಬರುವ ಥರೋಬ್ರೆಡ್ ಕುದುರೆಗಳಲ್ಲಿ ಬೆನ್ನಿನ ಬಿಗಿತ ಅಪರೂಪವೇನಲ್ಲ. ಬೆನ್ನೆಲುಬಿನ ಎರಡೂ ಬದಿಗೆ ಉದ್ದಕ್ಕೂ ಹರಡಿರುವ ಲಾಂಜಿಸಿಮಸ್ ಸ್ನಾಯುವಿನ ಮೇಲೆಯೇ ಜೀನು ಕೂರುವುದರಿಂದ, ಅದು ಬಿಗಿದಾಗ ಕುದುರೆಯ ಹೆಜ್ಜೆ ಗಿಡ್ಡವಾಗುತ್ತದೆ. ಜೀನಿನ ಪಟ್ಟಿ ಎಳೆಯುವಾಗ ಅದು ಕಿವಿಗಳನ್ನು ಹಿಂದಕ್ಕೆ ಒತ್ತಿ ಬಾಲ ಬೀಸುತ್ತದೆ. ನಾನು ಸವಾರಿ ಮಾಡುವ ಇಂಥದೊಂದು ಹೆಣ್ಣು ಕುದುರೆಗೆ ನಾಲ್ಕು ಉಪಾಯಗಳನ್ನು ಮಾಡಿ ನೋಡಿದ್ದೇನೆ.

ಬ್ಯಾಟರಿಯ ಮಸಾಜ್ ಗನ್ ತೊಡೆಯ ದಪ್ಪ ಸ್ನಾಯುಗಳಿಗೆ ಒಗ್ಗುತ್ತದೆ, ಕೈಗೆ ದಣಿವೂ ಕಡಿಮೆ. ಆದರೆ ಮೂಳೆಯ ಮೇಲೆ ಅದನ್ನು ಇಡುವಂತಿಲ್ಲ. ಅದರ ಸದ್ದಿಗೇ ಈ ಕುದುರೆ ಮೈ ಸೆಟೆಸಿ ನಿಲ್ಲುತ್ತಿದ್ದುದರಿಂದ ಬೆನ್ನಿಗೆ ಬಳಸುವುದನ್ನು ಬಿಟ್ಟೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲಿನ ಶಾಖವನ್ನು ಅದು ಇಷ್ಟಪಟ್ಟಿತಾದರೂ, ಅದೊಂದರಿಂದಲೇ ಬಂದ ಹಗುರು ಹೆಚ್ಚು ಹೊತ್ತು ಉಳಿಯಲಿಲ್ಲ. ಹೊಸ ಊತವಿದ್ದಲ್ಲಿ ಶಾಖ ಕೊಡಲೇಬಾರದು.

ನನ್ನ ಒಲವು ಕೈಯ ಮಾಲೀಸಿನ ಕಡೆಗೆ. ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿಗೆ ಮೊದಲೇ ಬಲ ಹಾಕುವ ಅಗತ್ಯವಿಲ್ಲ. ಹೆಗಲಿನ ಉಬ್ಬಿನ ಹಿಂದಿನಿಂದ ಸೊಂಟದ ಕಡೆಗೆ, ಬೆನ್ನೆಲುಬನ್ನು ಮುಟ್ಟದೆ ಅದರ ಪಕ್ಕದಲ್ಲಿ ಅಂಗೈಯನ್ನು ನಿಧಾನವಾಗಿ ಜಾರಿಸುತ್ತಾ ಹೋದರೆ, ಗಂಟಿನಂತೆ ಗಟ್ಟಿಯಾದ ಜಾಗ ಕೈಗೇ ಸಿಗುತ್ತದೆ. ಅಲ್ಲಿ ಬೆರಳ ತುದಿಗಳಿಂದ ಮೆಲ್ಲನೆ ಒತ್ತಿ, ಸ್ನಾಯು ಸಡಿಲಿಸುವವರೆಗೆ ಕಾಯಬೇಕು. ಕುದುರೆ ತಲೆ ತಗ್ಗಿಸಿ, ಕೆಳತುಟಿ ಜೋತುಬಿಟ್ಟು, ಬಾಯಿ ಚಪ್ಪರಿಸಿದರೆ ಒತ್ತಡ ಸರಿಯಾಗಿದೆ ಎಂದು ತಿಳಿಯಬಹುದು. ಬೆನ್ನು ತಗ್ಗಿಸಿ ಸರಿದುಕೊಂಡರೆ ಹೆಚ್ಚಾಯಿತು. ಈ ಉತ್ತರ ಯಂತ್ರ ಹಿಡಿದ ಕೈಗೆ ಅಷ್ಟು ಬೇಗ ತಲುಪುವುದಿಲ್ಲ. ಶಾಖ ಕೊಟ್ಟ ಮೇಲೆ ಮಾಲೀಸು ಮಾಡಿದ ಮರುದಿನ ಅದರ ಹೆಜ್ಜೆ ಕಣ್ಣಿಗೆ ಕಾಣುವಷ್ಟು ಉದ್ದವಾಗಿರುತ್ತಿತ್ತು.

ಕ್ಯಾರೆಟ್ ತೋರಿಸಿ ಕುತ್ತಿಗೆಯನ್ನು ಪಕ್ಕೆಯ ಕಡೆಗೆ ತಿರುಗಿಸುವ ವ್ಯಾಯಾಮದ ಫಲ ನಿಧಾನವಾದರೂ ಬಾಳಿಕೆಯದು (ಕ್ಯಾರೆಟ್ ಮುಗಿದರೆ ವ್ಯಾಯಾಮವೂ ಮುಗಿಯಿತು ಎನ್ನುವುದು ಬೇರೆ ಮಾತು). ಮೂರು ತಿಂಗಳು ಇಂಥ ವ್ಯಾಯಾಮ ಮಾಡಿಸಿದಾಗ ಬೆನ್ನೆಲುಬನ್ನು ಹಿಡಿದಿಡುವ ಮಲ್ಟಿಫಿಡಸ್ ಸ್ನಾಯು ದಪ್ಪವಾದದ್ದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಇದನ್ನು ಮಾಲೀಸಿಗೆ ಬದಲಾಗಿ ಅಲ್ಲ, ಅದರ ಜೊತೆಗೇ ಮುಂದುವರಿಸಿದ್ದೇನೆ.

ದುಡಿಮೆಯ ನಂತರ ಹಿಂಭಾಗದ ಸ್ನಾಯುಗಳು ಕಲ್ಲಿನಂತಾಗಿ, ಕುದುರೆ ಬೆವತು ನಡೆಯಲೊಲ್ಲದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಈ ಯಾವ ಉಪಾಯವನ್ನೂ ಮಾಡದೆ ಪಶುವೈದ್ಯರನ್ನು ಕರೆಸಬೇಕು. ಬಿಗಿತ ಪ್ರತಿ ಸಲವೂ ಅದೇ ಜಾಗದಲ್ಲಿ ಮರಳುತ್ತಿದ್ದರೆ ಜೀನು ಅಲ್ಲಿ ಒತ್ತುತ್ತಿದೆಯೇ ಎಂದು ನೋಡಬೇಕು. ಒತ್ತುವ ಜೀನನ್ನು ಬದಲಿಸದೆ ಮಾಡುವ ಮಾಲೀಸು ಮುಂದಿನ ಸವಾರಿಯವರೆಗೆ ಮಾತ್ರ.