ರಾತ್ರಿ ಸುಮ್ ಸುಮ್ನೆ ಕೂಗುತ್ತಿದ್ದ ಮೋಷನ್ ಸೆನ್ಸರ್

ಅಪ್ಪ ಅಮ್ಮ ಇಬ್ಬರೇ ಇರುವ ಮೈಸೂರಿನ ಮನೆಗೆ ವೈರ್‌ಲೆಸ್ ಮೋಷನ್ ಸೆನ್ಸರ್ ಇರುವ ಅಲಾರಂ ಸೆಟ್ ಹಾಕಿಸಿದೆ. ಮೊದಲ ವಾರ ತುಂಬಾ ಬೇಜಾರಾಯಿತು. ಮನೆಯೊಳಗೆ ಯಾರೂ ಓಡಾಡದಿದ್ದರೂ ಸೈರನ್, ಅದೂ ರಾತ್ರಿ ಎರಡು ಗಂಟೆಗೆ, ಅಮ್ಮ ಗಾಬರಿಯಿಂದ ಎದ್ದು ಕೂತಿದ್ದರು.

ಈ ಸೆನ್ಸರ್‌ಗೆ ಮನುಷ್ಯರು ಯಾರು ಅಂತ ಗೊತ್ತಾಗುವುದಿಲ್ಲ. ಎದುರಿನ ಶಾಖ ತಟ್ಟನೆ ಬದಲಾದರೆ ಸಾಕು, ಕೂಗುತ್ತದೆ. ನಮ್ಮದು ಪಶ್ಚಿಮದ ಕಿಟಕಿಗೆ ಮುಖ ಮಾಡಿತ್ತು, ಸಂಜೆ ಬಿಸಿಲಿಗೆ ಕಾದ ಪರದೆ ಅಲ್ಲಾಡಿದಾಗಲೆಲ್ಲ ಗಲಾಟೆ. ಕಿಟಕಿ ಕಾಣದ ಹಾಗೆ ಮೂಲೆಯಲ್ಲಿ, ಸುಮಾರು 7 ಅಡಿ ಎತ್ತರಕ್ಕೆ ಹಾಕಿದ ಮೇಲೆ ಅದು ನಿಂತಿತು.

ರಾತ್ರಿಯ ಕಾಟಕ್ಕೆ ಕಾರಣ ಹಲ್ಲಿ! ಪಕ್ಕದ ಜೀರೋ ಬಲ್ಬಿಗೆ ಬರುವ ಹುಳ ಹಿಡಿಯಲು ಅದು ಲೆನ್ಸ್ ಮೇಲೆಯೇ ಹರಿದಾಡುತ್ತಿತ್ತು, ಅಷ್ಟು ಹತ್ತಿರ ಬಂದರೆ ಸಣ್ಣ ಜೀವವೂ ಸೆನ್ಸರ್‌ಗೆ ದೊಡ್ಡದೇ ಅಲ್ವಾ. ಬಲ್ಬ್ ಬೇರೆ ಕಡೆ ಹಾಕಿದೆ. ಸೆನ್ಸರ್ ಮುಚ್ಚಳ ಬಿಚ್ಚಿ ಒಳಗಿನ ಜಂಪರನ್ನು (ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಲಿಪ್) ಒಂದು ಪಲ್ಸ್‌ನಿಂದ ಎರಡಕ್ಕೆ ಬದಲಿಸಿದೆ, ಈಗ ಎರಡು ಸಲ ಚಲನೆ ಕಂಡರೆ ಮಾತ್ರ ಸೈರನ್. ಬ್ಯಾಟರಿಯೂ ಹೊಸದು.

ಮೂರು ವಾರದಿಂದ ಒಂದೂ ಸುಳ್ಳು ಅಲಾರಂ ಇಲ್ಲ, ನಾನೇ ನಡೆದು ನೋಡಿದರೆ ಸರಿಯಾಗಿ ಹಿಡಿಯುತ್ತದೆ. ವಸ್ತು ಚೆನ್ನಾಗಿದೆ, 5ಕ್ಕೆ 4. ಹಾಕಲು ಬಂದವರು ಇದ್ಯಾವುದನ್ನೂ ಹೇಳಲಿಲ್ಲ, ಆ ಸರ್ವಿಸ್‌ಗೆ ಮಾತ್ರ 2.